ಸಾಲುಮನೆಯ ನಡುಗೋಡೆ

ಹಾಲೆಂಡಿನ ಯಾವ ಊರಿನಲ್ಲೇ ಆಗಲಿ, ಸಂಸಾರಸ್ಥರು ವಾಸಿಸುವ ಬಡಾವಣೆಯೊಂದನ್ನು ಹೊಕ್ಕರೆ ಬಹುಮಟ್ಟಿಗೆ ಒಂದೇ ನೋಟ. ಇಟ್ಟಿಗೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿರುತ್ತವೆ. ಮುಂದೆ ಅಂಗೈಯಗಲದ ತೋಟ, ಹಿಂದೆ ಸೈಕಲ್ ಇಡುವ ಪುಟ್ಟ ಕೊಠಡಿ, ಬೀದಿಯತ್ತ ದೊಡ್ಡ ಕಿಟಕಿ. ಎರಡು ಮನೆಗಳ ನಡುವೆ ಗೋಡೆ ಒಂದೇ. ಸದ್ದುಗದ್ದಲವಿಲ್ಲದ ಇಂಥ ಬೀದಿಯಲ್ಲಿ ಹಳೆಯ ಸಾಲುಮನೆಯೊಂದನ್ನು ಕೊಳ್ಳುವುದು ಅಲ್ಲಿನ ಮಧ್ಯಮವರ್ಗದ ದೊಡ್ಡ ಆಸೆ. ಆಮ್‌ಸ್ಟೆಲ್‌ವೀನ್‌ನಲ್ಲಿ ನೆಲೆಸಿರುವ ಭಾರತೀಯ ಕುಟುಂಬಗಳಲ್ಲೂ ಈ ಆಸೆ ಇದೆ. ಆದರೆ ಈ ಮನೆಗಳ ಚರಿತ್ರೆಯನ್ನು ಕೆದಕಿದರೆ ನಮಗೆದುರಾಗುವ ಪ್ರಶ್ನೆ ಬೇರೆಯೇ. ಈ ನೆಮ್ಮದಿಯ ಬೀದಿಗಳನ್ನು ಯಾರಿಗಾಗಿ ಕಟ್ಟಲಾಯಿತು? ಯಾರು ಹೊಸ್ತಿಲಾಚೆ ನಿಲ್ಲಬೇಕಾಯಿತು?

ಹತ್ತೊಂಬತ್ತನೆಯ ಶತಮಾನದ ಡಚ್ ಕಾರ್ಮಿಕನ ಮನೆ ಮನೆಯೆನ್ನುವಂತಿರಲಿಲ್ಲ. ಆಮ್‌ಸ್ಟರ್‌ಡ್ಯಾಮಿನ ಯೋರ್ಡಾನ್ ಕೇರಿಯಲ್ಲಿ ಇಡೀ ಸಂಸಾರಗಳು ನೆಲಮಾಳಿಗೆಯ ತೇವದಲ್ಲಿ ಬದುಕುತ್ತಿದ್ದವು. ಗೋಡೆಯೊಳಗಿನ ಕಪಾಟಿನಂಥ ಗೂಡೇ ಮಲಗುವ ಜಾಗ. 1901ರಲ್ಲಿ ಪಿಯರ್ಸನ್ ಸರಕಾರ ವಸತಿ ಕಾನೂನನ್ನು ತಂದಿತು. ವಾಸಕ್ಕೆ ಯೋಗ್ಯವಲ್ಲದ ಮನೆಗಳನ್ನು ಮುಚ್ಚಿಸುವ ಅಧಿಕಾರ ನಗರಾಡಳಿತಕ್ಕೆ ಬಂತು. ಲಾಭದ ಗುರಿಯಿಲ್ಲದ ವಸತಿ ಸಂಘಗಳಿಗೆ ಸರಕಾರದ ಸಾಲ ದೊರೆಯಿತು. ಬಡವನ ಸೂರು ಸರಕಾರದ ಹೊಣೆಯೆಂದು ಒಪ್ಪಿಕೊಂಡ ಈ ಕಾನೂನನ್ನು ನಾವು ಮನಸಾರೆ ಮೆಚ್ಚಲೇಬೇಕು.

ಅದರ ಫಲವಾಗಿ ರಾಟರ್‌ಡ್ಯಾಮಿನ ದಕ್ಷಿಣ ಭಾಗದಲ್ಲಿ ಫ್ರೇವೈಕ್‌ನಂಥ ಉದ್ಯಾನ ಬಡಾವಣೆಗಳೆದ್ದವು. 1920ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮಿನ ಅಂಚಿನಲ್ಲಿ ಇಟ್ಟಿಗೆಯ ಬದಲು ಕಾಂಕ್ರೀಟಿನಿಂದ ಮನೆ ಕಟ್ಟುವ ಪ್ರಯೋಗ ನಡೆಯಿತು. ಅದೇ ಬೆಟೊನ್‌ಡೋರ್ಪ್, ಅಂದರೆ ಕಾಂಕ್ರೀಟ್ ಹಳ್ಳಿ. 1947ರಲ್ಲಿ ಹುಟ್ಟಿದ ಫುಟ್‌ಬಾಲ್ ಮಾಂತ್ರಿಕ ಯೊಹಾನ್ ಕ್ರೈಫ್ ಬೆಳೆದದ್ದು ಇಲ್ಲೇ. ನಡುವೆ ಯುದ್ಧ ಬಂತು. 1940ರ ಮೇ 14ರಂದು ಜರ್ಮನ್ ಬಾಂಬುಗಳು ರಾಟರ್‌ಡ್ಯಾಮಿನ ಸುಮಾರು 25,000 ಮನೆಗಳನ್ನು ನೆಲಸಮ ಮಾಡಿದವು. ಯುದ್ಧಾನಂತರ ಮನೆಯ ಕೊರತೆಯೇ ದೇಶದ ಮೊದಲ ಶತ್ರು ಎನ್ನುವ ಮಾತು ಹುಟ್ಟಿತು. ಒಂದೇ ಅಚ್ಚಿನ ಸಾಲುಮನೆಗಳು ಸಾವಿರ ಸಾವಿರವಾಗಿ ಮೇಲೆದ್ದವು. ಮುಂಬದಿಯಿಂದ ಹಿಂಬದಿಯವರೆಗೂ ಬಿಸಿಲು ಹಾಯುವ ಒಂದೇ ಉದ್ದನೆಯ ಹಜಾರ ಇವುಗಳ ಗುರುತು.

ಇದೇ ಹೊತ್ತಿಗೆ ಕಾರ್ಖಾನೆಗಳಿಗೆ ಆಳು ಸಾಲದಾಯಿತು. 1964ರಲ್ಲಿ ತುರ್ಕಿಯೊಡನೆ, 1969ರಲ್ಲಿ ಮೊರೊಕ್ಕೊದೊಡನೆ ಒಪ್ಪಂದವಾಯಿತು. ಬಂದವರಿಗೆ 'ಅತಿಥಿ ಕಾರ್ಮಿಕ'ರೆಂಬ ಹೆಸರು ಸಿಕ್ಕಿತು. ಅತಿಥಿಗೆ ಮನೆಯೇಕೆ, ಹಾಸಿಗೆ ಸಾಕು ಎಂಬುದೇ ಅಂದಿನ ಧೋರಣೆ. ಹಳೆಯ ಕೇರಿಗಳ ಮುರುಕು ಮನೆಗಳು ವಸತಿಗೃಹಗಳಾದವು. ಹಗಲು ಪಾಳಿಯವನು ಎದ್ದುಹೋದ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಮಲಗುವುದೂ ಇತ್ತು. ಬಾಡಿಗೆ ಮಾತ್ರ ಇಬ್ಬರಿಂದಲೂ!

1972ರ ಆಗಸ್ಟ್‌ನಲ್ಲಿ ರಾಟರ್‌ಡ್ಯಾಮಿನ ಆಫ್ರಿಕಾಂಡರ್‌ವೈಕ್ ಎಂಬಲ್ಲಿ ಮನೆ ತೆರವಿನ ಜಗಳವೊಂದು ದಂಗೆಯಾಗಿ ಸಿಡಿಯಿತು. ದಕ್ಷಿಣ ಆಫ್ರಿಕಾದ ಬೋಯರ್ ನಾಯಕರ ಹೆಸರುಗಳನ್ನು ಬೀದಿಗಳಿಗಿಟ್ಟುಕೊಂಡ ಬಡಾವಣೆಯಿದು. ಹಲವು ದಿನ ಗುಂಪುಗಳು ತುರ್ಕಿ ಕಾರ್ಮಿಕರ ವಸತಿಗೃಹಗಳಿಗೆ ನುಗ್ಗಿ ಸಾಮಾನುಗಳನ್ನು ಬೀದಿಗೆಸೆದವು. ಅಲ್ಲಿನ ಡಚ್ ನಿವಾಸಿಗಳೂ ಬಡವರೇ; ಅವರಿಗೂ ಒಳ್ಳೆಯ ಮನೆ ಸಿಕ್ಕಿರಲಿಲ್ಲ. ಆ ಸಿಟ್ಟು ಆಳುವವರತ್ತ ತಿರುಗದೆ ಪಕ್ಕದ ಮನೆಯವನ ಮೇಲೆ ಬಿತ್ತು. ಇಂಥದ್ದು ನಮ್ಮ ಓದುಗರಿಗೆ ಅಪರಿಚಿತವೇನಲ್ಲ. ನಗರಾಡಳಿತ ಕಂಡುಕೊಂಡ ಪರಿಹಾರವೋ ಇನ್ನೂ ವಿಚಿತ್ರ. ಯಾವುದೇ ಬಡಾವಣೆಯಲ್ಲಿ ವಿದೇಶಿ ಮೂಲದವರು ಶೇ. 5ನ್ನು ಮೀರಬಾರದೆಂದು ಅದು ತೀರ್ಮಾನಿಸಿತು. 1974ರಲ್ಲಿ ಆ ನಿಯಮ ರದ್ದಾಯಿತು.

ಊರಿನಿಂದ ಮಡದಿ ಮಕ್ಕಳು ಬರತೊಡಗಿದಾಗ ಹಾಸಿಗೆ ಸಾಲದಾಯಿತು, ಮನೆಯೇ ಬೇಕಾಯಿತು. ವಸತಿ ಸಂಘಗಳ ಬಾಡಿಗೆ ಮನೆಗೆ ಕಾಯುವವರ ಉದ್ದನೆಯ ಪಟ್ಟಿ, ಇಷ್ಟು ವರ್ಷ ಊರಿನಲ್ಲಿದ್ದಿರಬೇಕೆಂಬ ಷರತ್ತು. ಹೀಗಾಗಿ ಬಹಳಷ್ಟು ತುರ್ಕಿ, ಮೊರೊಕ್ಕೊ ಕುಟುಂಬಗಳು 1970ರ ದಶಕದಲ್ಲಿ ಸಾಲ ಮಾಡಿ, ಬೇರೆಯವರು ಬೇಡವೆಂದು ಬಿಟ್ಟ ಹಳೆಯ ಮನೆಗಳನ್ನು ಕೊಂಡವು. ಅಧ್ಯಯನಕಾರರು ಇವರನ್ನು 'ಗತ್ಯಂತರವಿಲ್ಲದೆ ಕೊಂಡವರು' ಎನ್ನುತ್ತಾರೆ. ಬಾಡಿಗೆಗೆ ಸಿಗದವನು ಕೊಳ್ಳಬೇಕಾಗಿ ಬಂದ ಪರಿಸ್ಥಿತಿ! 1978ರ ನಂತರ ಮನೆಗಳ ಬೆಲೆ ದಿಢೀರನೆ ಕುಸಿಯಿತು. ಸಾಲ ಮಾತ್ರ ಕುಸಿಯಲಿಲ್ಲ.

ಸಾಲವೆಂದರೆ ಬಡ್ಡಿ. ಡಚ್ ತೆರಿಗೆ ಪದ್ಧತಿ ಮನೆಸಾಲದ ಬಡ್ಡಿಗೆ 1893ರಿಂದಲೂ ವಿನಾಯಿತಿ ಕೊಡುತ್ತ ಬಂದಿದೆ. ಸಾಲ ಮಾಡಿದವನಿಗೆ ಲಾಭ, ಮಾಡದವನಿಗೆ ಏನೂ ಇಲ್ಲ. ಬಡ್ಡಿಯನ್ನು ಹರಾಮ್ ಎಂದು ನಂಬಿದ ಮುಸ್ಲಿಮನಿಗೆ ಇದು ಇಕ್ಕಟ್ಟು. ಬೇರೆ ದಾರಿಯಿಲ್ಲದಿದ್ದರೆ, ವಾಸಕ್ಕಾಗಿ ಮಾತ್ರ, ಇಂಥ ಸಾಲದಿಂದ ಮನೆ ಕೊಳ್ಳಬಹುದೆಂದು 1999ರಲ್ಲಿ ಯುರೋಪಿನ ಫತ್ವಾ ಮಂಡಳಿ ಹೇಳಿತು. ಎಲ್ಲ ಉಲಮಾಗಳು ಒಪ್ಪಲಿಲ್ಲ. ಒಂದೇ ಕುಟುಂಬದಲ್ಲಿ ಅಣ್ಣ ಸ್ವಂತ ಮನೆಯಲ್ಲೂ ತಮ್ಮ ಬಾಡಿಗೆ ಮನೆಯಲ್ಲೂ ಇರುವುದಕ್ಕೆ ಕಾರಣ ಆದಾಯದ ಅಂತರವೇ ಆಗಿರಬೇಕಿಲ್ಲ.

ಇಂದು ಹಳೆಯ ಸಾಲುಮನೆಗೆ ಬೇಡಿಕೆ ವಿಪರೀತ. ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಮನಸ್ಸು ಬದಲಿಸಲು ಮೂರು ದಿನಗಳ ಅವಕಾಶವನ್ನು 2003ರಿಂದ ಕಾನೂನು ಕೊಟ್ಟಿದೆ. ಆದರೆ 'ಮನೆ ಹಳೆಯದು, ದೋಷಗಳಿರಬಹುದು' ಎಂಬ ಷರತ್ತನ್ನೂ ಒಪ್ಪಂದದಲ್ಲಿ ಸೇರಿಸುವುದು ರೂಢಿ. 1993ರಲ್ಲಿ ನಿಷೇಧವಾಗುವ ಮುನ್ನ ಕಟ್ಟಿದ ಮನೆಗಳಲ್ಲಿ ಕಲ್ನಾರು ಅಡಗಿರಬಹುದು. ಅದಕ್ಕಿಂತ ದೊಡ್ಡ ಭಯ ನೆಲದಡಿಯದು. ಪಶ್ಚಿಮದ ಕೆಸರು ನೆಲದಲ್ಲಿ ಹಳೆಯ ಮನೆಗಳು ಮರದ ಕಂಬಗಳ ಮೇಲೆ ನಿಂತಿವೆ. ಕಂಬ ನೀರಿನಲ್ಲಿ ಮುಳುಗಿರುವಷ್ಟು ಕಾಲ ಗಟ್ಟಿ; ಅಂತರ್ಜಲ ಇಳಿದು ತುದಿಗೆ ಗಾಳಿ ತಾಗಿದರೆ ಕೊಳೆಯತೊಡಗುತ್ತದೆ. ನಡುಗೋಡೆಯೂ ಅದರಡಿಯ ಕಂಬಗಳೂ ಇಬ್ಬರಿಗೂ ಸೇರಿದ್ದರಿಂದ ಒಬ್ಬನೇ ತನ್ನ ಮನೆಯ ಬುನಾದಿ ದುರಸ್ತಿ ಮಾಡಿಸಿಕೊಳ್ಳಲಾಗದು. ಪಕ್ಕದ ಮನೆಯವನ ಬಾಗಿಲು ತಟ್ಟಬೇಕು, ಖರ್ಚಿನ ಲೆಕ್ಕ ಮುಂದಿಡಬೇಕು, ಇಬ್ಬರೂ ಸಹಿ ಹಾಕಬೇಕು. ರಾಟರ್‌ಡ್ಯಾಮಿನ ಹಳೆಯ ಬೀದಿಗಳಲ್ಲಿ ಹಾಗೆ ಬಾಗಿಲು ತೆರೆಯುವವನು ಇಂದು ಅಂದಿನ ಅತಿಥಿ ಕಾರ್ಮಿಕನ ಮೊಮ್ಮಗನೂ ಆಗಿರಬಹುದು.