ತೋಳಿನ ಬಿಲ್ಲೆಯೂ ಅದರ ತಪ್ಪುಗಳ ಚರಿತ್ರೆಯೂ

ತೋಳಿನ ಹಿಂಭಾಗದಲ್ಲಿ ಹಳೆಯ ಒಂದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಬಿಳಿಯ ಬಿಲ್ಲೆಯೊಂದನ್ನು ಅಂಟಿಸಿಕೊಂಡು ಓಡಾಡುವವರು ನಮ್ಮ ಬಂಧುವರ್ಗದಲ್ಲಿಯೇ ಈಗ ನಾಲ್ವರಿದ್ದಾರೆ. ಅವರಲ್ಲಿ ನಾನೂ ಒಬ್ಬ. ಸಕ್ಕರೆ ಕಾಯಿಲೆಯವರ ಮೈಯಲ್ಲಿನ ಗ್ಲೂಕೋಸನ್ನು ಹಗಲಿರುಳೂ ಅಳೆದು ಮೊಬೈಲಿಗೆ ತಿಳಿಸುವ ಸಾಧನವಿದು. ಹಬ್ಬಹರಿದಿನಗಳಲ್ಲಿ ನಾವು ನಾಲ್ವರು ಒಂದೆಡೆ ಸೇರಿದರೆ ಮಾತು ಬೇಗನೆ ಈ ಬಿಲ್ಲೆಯ ಮೇಲಿನ ದೂರಿಗೆ ತಿರುಗುತ್ತದೆ. ಬೆರಳು ಚುಚ್ಚಿ ನೋಡಿದರೆ ಒಂದು ಅಂಕಿ, ಬಿಲ್ಲೆಯದು ಇನ್ನೊಂದು. ನಡುರಾತ್ರಿ ಕಾರಣವಿಲ್ಲದೆ ಕೂಗಿಕೊಳ್ಳುತ್ತದೆ. ಕೆಲವೊಮ್ಮೆ ಅಂಕಿಯನ್ನೇ ಕೊಡದೆ ‘ದೋಷ’ ಎಂದು ಸುಮ್ಮನಾಗುತ್ತದೆ. ‘ಇದನ್ನು ನಂಬಿ ಇನ್ಸುಲಿನ್ ಚುಚ್ಚಿಕೊಳ್ಳುವುದು ಹೇಗೆ?’ ಎಂಬುದು ಎಲ್ಲರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರವನ್ನು ಸಾಧನದ ಸೂಚನಾಪತ್ರಕ್ಕಿಂತ ಅದರ ಚರಿತ್ರೆಯಲ್ಲಿ ಹುಡುಕುವುದು ಲೇಸೆಂದು ನನಗೆ ತೋರುತ್ತದೆ. ಸಕ್ಕರೆಯನ್ನು ಅಳೆಯಲು ಹೊರಟವರೆಲ್ಲರೂ ಅಳೆದದ್ದು ಸಕ್ಕರೆಯ ಬದಲಿಗೆ ನಿಂತ ಬೇರೊಂದು ವಸ್ತುವನ್ನು. ತಪ್ಪು ನುಸುಳಿದ್ದು ಪ್ರತಿ ಸಲವೂ ಆ ಬಾಗಿಲಿನಿಂದಲೇ.

ನಮ್ಮ ಪ್ರಾಚೀನ ವೈದ್ಯರು ಈ ಕಾಯಿಲೆಯನ್ನು ಮಧುಮೇಹವೆಂದು ಕರೆದರು. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಚರಕಸಂಹಿತೆ ಗುರುತಿಸುತ್ತದೆ. ಅಲ್ಲಿ ಅಳತೆಯಂತ್ರ ಇರುವೆ. ಅದು ಹೌದು ಅಥವಾ ಅಲ್ಲ ಎಂದಷ್ಟೇ ಹೇಳಬಲ್ಲದು. ಎಷ್ಟು ಎಂದು ಹೇಳಲಾರದು. 1776 ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನ ವೈದ್ಯ ಮ್ಯಾಥ್ಯೂ ಡಾಬ್ಸನ್ ರೋಗಿಯ ಮೂತ್ರವನ್ನು ಕಾಯಿಸಿ ಇಂಗಿಸಿ, ತಳದಲ್ಲಿ ಉಳಿದ ಬಿಳಿಯ ಪದಾರ್ಥ ಸಕ್ಕರೆಯೇ ಎಂದು ತೋರಿಸಿದನು. ರೋಗಿಯ ರಕ್ತದ ದ್ರವವೂ ಸಿಹಿಯಾಗಿರುವುದನ್ನು ಆತ ಗಮನಿಸಿದನು. ರೋಗ ಮೂತ್ರಪಿಂಡಕ್ಕಷ್ಟೇ ಸೇರಿದ್ದಲ್ಲ, ಇಡೀ ದೇಹದ್ದು ಎಂಬ ಅರಿವಿಗೆ ಅದು ನಾಂದಿಯಾಯಿತು.

ಇನ್ನು ಬೆನೆಡಿಕ್ಟ್ ದ್ರಾವಣದ ಕಥೆ. ನನ್ನ ಬಳಿ ವಿಜ್ಞಾನ ಕಲಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರನಾಳದಲ್ಲಿ ನೀಲಿ ದ್ರಾವಣವನ್ನು ಹಾಕಿ, ಗ್ಲೂಕೋಸ್ ಬೆರೆಸಿ, ಸ್ಪಿರಿಟ್ ದೀಪದ ಮೇಲೆ ಹಿಡಿದರೆ ಬಣ್ಣವು ಹಸಿರು, ಹಳದಿ, ಕಿತ್ತಳೆಗಳನ್ನು ದಾಟಿ ಇಟ್ಟಿಗೆ ಕೆಂಪಿಗೆ ಬಂದು ನಿಲ್ಲುತ್ತಿದ್ದುದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಅಮೆರಿಕದ ರಸಾಯನಶಾಸ್ತ್ರಜ್ಞ ಸ್ಟ್ಯಾನ್ಲಿ ಬೆನೆಡಿಕ್ಟ್ 1908 ರ ಸುಮಾರಿಗೆ ರೂಪಿಸಿದ ಈ ಪರೀಕ್ಷೆಯೇ ದಶಕಗಳ ಕಾಲ ಸಕ್ಕರೆ ಕಾಯಿಲೆಯವರ ಮುಖ್ಯ ಆಸರೆಯಾಗಿತ್ತು. ಅಡುಗೆಮನೆಯ ಮೂಲೆಯಲ್ಲಿ ಮೂತ್ರದ ಎಂಟು ಹನಿ ಕಾಯಿಸಿ ಬಣ್ಣ ನೋಡುತ್ತಿದ್ದ ಹಿರಿಯರನ್ನು ನಿಮ್ಮಲ್ಲಿ ಕೆಲವರಾದರೂ ಬಲ್ಲಿರಿ.

ಆದರೆ ಆ ದ್ರಾವಣಕ್ಕೆ ಗ್ಲೂಕೋಸಿನ ಗುರುತೇ ಇಲ್ಲ! ತಾಮ್ರಕ್ಕೆ ಇಲೆಕ್ಟ್ರಾನು ಕೊಡಬಲ್ಲ ಯಾವ ಅಪಕರ್ಷಕ ವಸ್ತುವಿದ್ದರೂ ಅದು ಕೆಂಪಾಗುತ್ತದೆ. ವಿಟಮಿನ್ ಸಿ ಕೂಡ ಅಂಥದೊಂದು ವಸ್ತು. ಈ ಹೆಸರನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ. ಇನ್ನೊಂದು ತೊಡಕು ಕಾಲದ್ದು. ರಕ್ತದಲ್ಲಿ ಸಕ್ಕರೆಯು ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ಮೀರಿದ ಮೇಲಷ್ಟೇ ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಮೂತ್ರಕೋಶದಲ್ಲಿ ಗಂಟೆಗಟ್ಟಲೆ ಸಂಗ್ರಹವಾದದ್ದು ಹೇಳುವುದು ಹಳೆಯ ಸುದ್ದಿ. ಸಕ್ಕರೆ ಅಪಾಯಕರವಾಗಿ ಇಳಿದಾಗಲಂತೂ ಆ ಪರೀಕ್ಷೆ ಏನನ್ನೂ ಹೇಳದು. ವೇಷಧಾರಿಗಳು ಮತ್ತು ವಿಳಂಬ, ಈ ಎರಡು ತಪ್ಪುಗಳು ಇಂದಿನ ಬಿಲ್ಲೆಯವರೆಗೂ ವಂಶಪಾರಂಪರ್ಯವಾಗಿ ಇಳಿದುಬಂದಿವೆ.

ವೇಷಧಾರಿಗಳನ್ನು ಹೊರಗಿಡಲು ದೊರೆತ ಕಾವಲುಗಾರನೆಂದರೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ. 1928 ರಲ್ಲಿ ಡೆಟ್ಲೆವ್ ಮ್ಯುಲ್ಲರ್ ಇದನ್ನು ಕಪ್ಪು ಬೂಷ್ಟಿನಲ್ಲಿ ಗುರುತಿಸಿದನು. ಇದು ಸಕ್ಕರೆಗಳ ಗುಂಪಿನಿಂದ ಬಹುಮಟ್ಟಿಗೆ ಗ್ಲೂಕೋಸೊಂದನ್ನೇ ಆರಿಸಿ, ಆಮ್ಲಜನಕದೊಡನೆ ಸೇರಿಸಿ ಹೈಡ್ರೋಜನ್ ಪೆರಾಕ್ಸೈಡನ್ನು ಉಂಟುಮಾಡುತ್ತದೆ. 1960 ರ ದಶಕದ ನಡುವೆ ಬಂದ ‘ಡೆಕ್ಸ್ಟ್ರೋಸ್ಟಿಕ್ಸ್’ ಪಟ್ಟಿಯಲ್ಲಿದ್ದುದು ಈ ಕಿಣ್ವವೇ. ಪಟ್ಟಿಯ ಮೇಲೆ ದೊಡ್ಡ ಹನಿ ರಕ್ತವಿಟ್ಟು, ಒಂದು ನಿಮಿಷ ಕಾದು, ನೀರಿನಿಂದ ತೊಳೆದು ಬಣ್ಣ ಹೋಲಿಸಬೇಕಿತ್ತು. ಆ ಬಣ್ಣವನ್ನು ಓದಲು 1970 ರ ಸುಮಾರಿಗೆ ಬಂದ ಮೊದಲ ಮೀಟರು ಕಿಲೋಗ್ರಾಮಿಗೂ ಹೆಚ್ಚು ತೂಗುತ್ತಿತ್ತು. ಅದನ್ನು ವೈದ್ಯರಿಗಲ್ಲದೆ ರೋಗಿಗಳಿಗೆ ಮಾರುತ್ತಿರಲಿಲ್ಲ. ಬಾಲ್ಯದಿಂದ ಸಕ್ಕರೆ ಕಾಯಿಲೆಯಿದ್ದ ರಿಚರ್ಡ್ ಬರ್ನ್‌ಸ್ಟೈನ್ ಎಂಬ ಅಮೆರಿಕನ್ ಇಂಜಿನಿಯರು, ವೈದ್ಯೆಯಾಗಿದ್ದ ತನ್ನ ಹೆಂಡತಿಯ ಹೆಸರಿನಲ್ಲಿ ಅದನ್ನು ತರಿಸಿಕೊಂಡು ದಿನಕ್ಕೆ ಹಲವು ಸಲ ತಾನೇ ಪರೀಕ್ಷಿಸಿಕೊಳ್ಳತೊಡಗಿದನು. ತಾನು ಕಂಡುಕೊಂಡದ್ದನ್ನು ವೈದ್ಯರು ಕಿವಿಗೆ ಹಾಕಿಕೊಳ್ಳಲಿಲ್ಲವೆಂದು, ನಲವತ್ತು ದಾಟಿದ ಮೇಲೆ ವೈದ್ಯಕೀಯ ಕಾಲೇಜಿಗೆ ಸೇರಿ ವೈದ್ಯನೇ ಆದನು. ಇಂತಹ ಹಠವಾದಿಗಳಿಂದಲೇ ಸಕ್ಕರೆಯ ಅಂಕಿ ರೋಗಿಯ ಕೈಗೆ ಬಂದಿತೆಂಬುದು ನನ್ನ ಅಭಿಪ್ರಾಯ.

ಇಷ್ಟರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಎಂಬ ವಿಜ್ಞಾನಿ ಬೇರೊಂದು ದಾರಿ ತೆರೆದಿದ್ದನು. ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುವ ವಿದ್ಯುದ್ವಾರವನ್ನು ಆತ 1950 ರ ದಶಕದಲ್ಲಿಯೇ ನಿರ್ಮಿಸಿದ್ದನು. 1962 ರಲ್ಲಿ ಚ್ಯಾಂಪ್ ಲಯನ್ಸ್ ಎಂಬ ಸಹೋದ್ಯೋಗಿಯೊಡನೆ ಪ್ರಕಟಿಸಿದ ಲೇಖನದಲ್ಲಿ, ಆ ವಿದ್ಯುದ್ವಾರದ ಮುಂದೆ ಗ್ಲೂಕೋಸ್ ಆಕ್ಸಿಡೇಸಿನ ತೆಳುಪದರವನ್ನು ಇಡುವ ಉಪಾಯವನ್ನು ಸೂಚಿಸಿದನು. ಗ್ಲೂಕೋಸ್ ಹೆಚ್ಚಿದ್ದಷ್ಟೂ ಆಮ್ಲಜನಕ ಹೆಚ್ಚು ವ್ಯಯವಾಗುತ್ತದೆ. ವಿದ್ಯುತ್ತಿನ ಏರಿಳಿತ ಸಕ್ಕರೆಯ ಏರಿಳಿತವನ್ನು ಹೇಳುತ್ತದೆ. ಬಣ್ಣ ನೋಡುವ ಕಣ್ಣಿನ ಅಗತ್ಯ ಅಲ್ಲಿಗೆ ಮುಗಿಯಿತು. ಇಂದು ನನ್ನ ತೋಳಿನಲ್ಲಿರುವ ಬಿಲ್ಲೆಯ ಮೂಲಪುರುಷನು ಈ ಕ್ಲಾರ್ಕನೇ. 2005 ರಲ್ಲಿ ತೀರಿಕೊಂಡನು.

ಈ ಮಾರ್ಗವೂ ನಿಷ್ಕಂಟಕವಾಗಿರಲಿಲ್ಲ. ಅಳತೆ ಆಮ್ಲಜನಕವನ್ನು ಅವಲಂಬಿಸಿದ್ದರಿಂದ, ರಕ್ತದಲ್ಲಿ ಆಮ್ಲಜನಕವೇ ಏರುಪೇರಾದರೆ ಸಕ್ಕರೆಯ ಅಂಕಿಯೂ ಏರುಪೇರಾಗುತ್ತಿತ್ತು. ಇದನ್ನು ತಪ್ಪಿಸಲೆಂದು ಬೆರಳು ಚುಚ್ಚುವ ಮೀಟರುಗಳ ಕೆಲವು ತಯಾರಕರು ಆಮ್ಲಜನಕ ಬೇಡದ ಬೇರೊಂದು ಕಿಣ್ವವನ್ನು ತಮ್ಮ ಪಟ್ಟಿಗಳಲ್ಲಿ ಬಳಸಿದರು. ಆ ಕಿಣ್ವ ಮಾಲ್ಟೋಸನ್ನೂ ಗ್ಲೂಕೋಸೆಂದೇ ಎಣಿಸುತ್ತಿತ್ತು. ಮೂತ್ರಪಿಂಡ ಕೆಟ್ಟು, ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಸಿಕೊಳ್ಳುವ ಕೆಲವು ರೋಗಿಗಳಿಗೆ ಐಕೊಡೆಕ್ಸ್ಟ್ರಿನ್ ಎಂಬ ದ್ರವವನ್ನು ಕೊಡುತ್ತಾರೆ. ಅದು ದೇಹದಲ್ಲಿ ಮಾಲ್ಟೋಸಾಗಿ ಒಡೆಯುತ್ತದೆ. ಮೀಟರು ಸಕ್ಕರೆ ಹೆಚ್ಚಿದೆಯೆಂದಿತು, ಇನ್ಸುಲಿನ್ ಕೊಡಲಾಯಿತು, ನಿಜವಾದ ಸಕ್ಕರೆ ಪಾತಾಳಕ್ಕಿಳಿಯಿತು. 1997 ರಿಂದ 2009 ರವರೆಗೆ ಈ ತಪ್ಪು ಅಳತೆಗೆ ಸಂಬಂಧಿಸಿದ 13 ಸಾವುಗಳು ವರದಿಯಾಗಿರುವುದಾಗಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2009 ರಲ್ಲಿ ಎಚ್ಚರಿಕೆ ಹೊರಡಿಸಿತು. ಆ ಮೀಟರುಗಳು ಕೆಟ್ಟಿರಲಿಲ್ಲ; ಪರದೆಯ ಮೇಲೆ ಯಾವ ದೋಷಸಂದೇಶವೂ ಮೂಡಲಿಲ್ಲ. ದೋಷವೆಂದು ಬಾಯಿಬಿಟ್ಟು ಹೇಳುವ ಯಂತ್ರಕ್ಕೆ ನಾನು ಅಂಜುವುದಿಲ್ಲ. ಸ್ಪಷ್ಟವಾದ ತಪ್ಪು ಅಂಕಿಯೇ ಅಂಜಿಸುವಂಥದು.

ಈ ವಿವೇಚನೆಯನ್ನು ಶಾಸ್ತ್ರವಾಗಿಸಿದವರು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಕ್ಲಾರ್ಕ್ ಮತ್ತು ಸಂಗಡಿಗರು (ಹೆಸರು ಒಂದೇ ರೀತಿ ಕೇಳಿಸಿದರೂ ಈತ ಬೇರೆ). 1987 ರಲ್ಲಿ ಅವರು ಪ್ರಕಟಿಸಿದ ‘ದೋಷ ಚೌಕ’ದಲ್ಲಿ ತಪ್ಪನ್ನು ಅದರ ಪರಿಣಾಮದಿಂದ ಅಳೆದರು. ನಿಜವಾದ ಸಕ್ಕರೆ 250 ಇರುವಾಗ ಯಂತ್ರ 290 ಎಂದರೆ ಚಿಕಿತ್ಸೆ ಬದಲಾಗದು. ನಿಜದಲ್ಲಿ 55 ಇರುವಾಗ 95 ಎಂದರೆ ವ್ಯತ್ಯಾಸ ಅದೇ 40, ಆದರೆ ರೋಗಿಯು ಸಕ್ಕರೆ ತಿನ್ನದೆ ಮಲಗಿಬಿಡುತ್ತಾನೆ. ನಲವತ್ತಕ್ಕೂ ನಲವತ್ತಕ್ಕೂ ಇಷ್ಟು ಅಂತರವಿದೆ. ಲೆಕ್ಕದ ಮೇಷ್ಟರಾದ ನಮ್ಮಂಥವರು ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹೀಗೆ ತಿದ್ದಿದ್ದರೆ ಎಷ್ಟು ಜನ ಪಾಸಾಗುತ್ತಿದ್ದರೋ!

ಸೂಜಿಯಂತಹ ಸಂವೇದಕವನ್ನು ಚರ್ಮದಡಿ ಇರಿಸಿ, ಮೈಮೇಲೆ ಹೊತ್ತು ನಡೆಯಬಹುದಾದ ಯಂತ್ರವನ್ನು ಜಪಾನಿನ ಮೊಟೊಆಕಿ ಶಿಚಿರಿ ಮತ್ತು ಸಂಗಡಿಗರು 1982 ರಲ್ಲಿ ತೋರಿಸಿಕೊಟ್ಟರು. ಆದರೆ ಅದು ಮಾರುಕಟ್ಟೆಗೆ ಬರಲು ಹದಿನೇಳು ವರ್ಷ ಬೇಕಾಯಿತು. 1999 ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮಿನಿಮೆಡ್ ಸಂಸ್ಥೆಯ ಯಂತ್ರವು ಐದು ನಿಮಿಷಕ್ಕೊಮ್ಮೆ, ಮೂರು ದಿನಗಳವರೆಗೆ ಸಕ್ಕರೆಯನ್ನು ದಾಖಲಿಸುತ್ತಿತ್ತು. ಅಂಕಿಯನ್ನು ಮಾತ್ರ ರೋಗಿಗೆ ತೋರಿಸುತ್ತಿರಲಿಲ್ಲ; ವೈದ್ಯರು ಆಮೇಲೆ ನೋಡಬೇಕಿತ್ತು. ಬೆರಳು ಚುಚ್ಚಿದ ಅಂಕಿಗಳನ್ನು ದಿನಕ್ಕೆ ಹಲವು ಸಲ ಕೊಟ್ಟು ಅದನ್ನು ಸರಿಹೊಂದಿಸಬೇಕಾಗಿತ್ತು. ಸಕ್ಕರೆ ವೇಗವಾಗಿ ಏರುತ್ತಿರುವಾಗ ಹೀಗೆ ಸರಿಹೊಂದಿಸಿದರೆ ಆ ಒಂದು ತಪ್ಪು ಮುಂದಿನ ಎಲ್ಲ ಅಂಕಿಗಳಿಗೂ ಅಂಟುತ್ತಿತ್ತು. 2001 ರಲ್ಲಿ ಅನುಮತಿ ಪಡೆದ ‘ಗ್ಲೂಕೋವಾಚ್’ ಇನ್ನೂ ಸ್ವಾರಸ್ಯದ್ದು. ಕೈಗಡಿಯಾರದಂತಿದ್ದ ಅದು ಚಿಕ್ಕ ವಿದ್ಯುತ್ಪ್ರವಾಹದಿಂದ ಚರ್ಮದೊಳಗಿನ ದ್ರವವನ್ನು ಸೆಳೆದು ಅಳೆಯುತ್ತಿತ್ತು. ಬೆವರಿದರೆ ಅಳತೆಯನ್ನು ಬಿಟ್ಟುಬಿಡುತ್ತಿತ್ತು. ಸಕ್ಕರೆ ತೀರ ಇಳಿದಾಗ ಮನುಷ್ಯ ಮಾಡುವ ಮೊದಲ ಕೆಲಸವೇ ಬೆವರುವುದು! ಬೇಕಾದ ಗಳಿಗೆಯಲ್ಲಿಯೇ ಮೌನವ್ರತ ಹಿಡಿಯುತ್ತಿದ್ದ ಆ ಗಡಿಯಾರ, ಕೆಲವೇ ವರ್ಷಗಳಲ್ಲಿ ಅಂಗಡಿಗಳಿಂದ ಮರೆಯಾಯಿತು.

ಕಾರ್ಖಾನೆಯಲ್ಲಿಯೇ ಸರಿಹೊಂದಿಸಿದ, ಹದಿನಾಲ್ಕು ದಿನ ಬಾಳುವ ಬಿಲ್ಲೆಯು 2014 ರಲ್ಲಿ ಯೂರೋಪಿನಲ್ಲಿ ಬಳಕೆಗೆ ಬಂದಿತು. ಇದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ಅಂಗಾಂಶದ್ರವವನ್ನು. ರಕ್ತದ ಸಕ್ಕರೆ ಅಲ್ಲಿಗೆ ತಲಪಲು ಸುಮಾರು ಐದರಿಂದ ಹದಿನೈದು ನಿಮಿಷ ಬೇಕು. ಬೆನೆಡಿಕ್ಟನ ಕಾಲದ ಗಂಟೆಗಳ ವಿಳಂಬ ನಿಮಿಷಗಳಿಗೆ ಇಳಿದಿದೆ, ಇಲ್ಲವಾಗಿಲ್ಲ. ಸಕ್ಕರೆ ನಿಮಿಷಕ್ಕೆ 2 ರಂತೆ ಇಳಿಯುತ್ತಿದ್ದು, ವಿಳಂಬ ಹತ್ತು ನಿಮಿಷವೆಂದಿಟ್ಟುಕೊಳ್ಳಿ. ಪರದೆಯಲ್ಲಿ 90 ಕಂಡಾಗ ರಕ್ತದಲ್ಲಿರುವುದು 70. ಅಂಕಿಯ ಪಕ್ಕದಲ್ಲಿ ಬಾಣದ ಗುರುತು ಇಟ್ಟಿರುವುದು ಇದಕ್ಕಾಗಿಯೇ. ಬಾಣ ಕೆಳಮುಖವಾಗಿದ್ದರೆ ಅಂಕಿಯನ್ನು ನೆಮ್ಮದಿಯಿಂದ ಓದಬೇಡಿ.

ನನ್ನ ಬಿಲ್ಲೆ ಒಂದು ವಾರದಲ್ಲಿ ಮೂರು ರಾತ್ರಿ ಕೂಗಿ ಎಬ್ಬಿಸಿತು. ಅಂಕಿ 58. ಮೈ ಬೆವರಿರಲಿಲ್ಲ, ಕೈ ನಡುಗುತ್ತಿರಲಿಲ್ಲ. ಬೆರಳು ಚುಚ್ಚಿದರೆ 112. ಮೂರು ರಾತ್ರಿಯೂ ನಾನು ಬಿಲ್ಲೆಯಿದ್ದ ಎಡತೋಳಿನ ಮೇಲೆಯೇ ಮಲಗಿದ್ದೆನು. ಮೈಭಾರ ಬಿದ್ದಲ್ಲಿ ರಕ್ತಸಂಚಾರ ತಗ್ಗಿ, ಆ ಒಂದಂಗುಲ ಜಾಗದಲ್ಲಿ ಸಕ್ಕರೆ ಕಡಿಮೆಯೆಂದು ತೋರುತ್ತದೆ. ಮಗ್ಗುಲು ಬದಲಿಸಿದರೆ ಸ್ವಲ್ಪ ಹೊತ್ತಿನಲ್ಲಿ ಅಂಕಿ ಮೇಲೇರುತ್ತದೆ. ಮನೆಯಾಕೆ ಅಷ್ಟರಲ್ಲಿ ಬೆಲ್ಲದ ಡಬ್ಬಿ ತಂದಿದ್ದಳೆನ್ನಿ!

ವಿಟಮಿನ್ ಸಿ ಮತ್ತೆ ಬಂದಿತು. ಬೆನೆಡಿಕ್ಟ್ ದ್ರಾವಣದಲ್ಲಿ ತಾಮ್ರಕ್ಕೆ ಇಲೆಕ್ಟ್ರಾನು ಕೊಡುತ್ತಿದ್ದ ಅದೇ ವಸ್ತು ಇಂದಿನ ವಿದ್ಯುದ್ವಾರಕ್ಕೂ ಕೊಡುತ್ತದೆ, ಅಂಕಿ ಸುಳ್ಳಾಗಿ ಏರುತ್ತದೆ. ದಿನಕ್ಕೆ 500 ಮಿಲಿಗ್ರಾಮಿಗಿಂತ ಹೆಚ್ಚು ಸೇವಿಸಬಾರದೆಂದು ಕೆಲವು ಬಿಲ್ಲೆಗಳ ಸೂಚನಾಪತ್ರ ಹೇಳುತ್ತದೆ. ಕೊರೋನಾ ಕಾಲದಲ್ಲಿ ಆ ಮಾತ್ರೆಯನ್ನು ಪೆಪ್ಪರಮಿಂಟಿನಂತೆ ಚೀಪುತ್ತಿದ್ದ ನಮ್ಮವರು ಇದನ್ನು ಗಮನಿಸತಕ್ಕದ್ದು. ಕೆಲವು ಹಿಂದಿನ ಮಾದರಿಗಳಲ್ಲಿ ಪ್ಯಾರಾಸಿಟಮಾಲ್ ಕೂಡ ಹೀಗೆಯೇ ಅಂಕಿಯನ್ನು ಏರಿಸುತ್ತಿತ್ತು. ಯಾವ ಬಿಲ್ಲೆಗೆ ಯಾವ ಔಷಧ ಆಗದು ಎಂಬುದನ್ನು ಆಯಾ ಸೂಚನಾಪತ್ರದಲ್ಲಿಯೇ ನೋಡಬೇಕು.

ಹೊಸ ಬಿಲ್ಲೆ ಹಾಕಿದ ಮೊದಲ ದಿನ ಚರ್ಮದಡಿ ಗಾಯದ ಗೊಂದಲವಿರುವುದರಿಂದ ಅಂಕಿ ಹೊಯ್ದಾಡಬಹುದು. ಬೆರಳು ಚುಚ್ಚಿ ತಾಳೆ ನೋಡುವವರು ಮೊದಲು ಕೈ ತೊಳೆದು ಒರೆಸಿಕೊಳ್ಳಬೇಕು. ಮಾವಿನಹಣ್ಣು ಹೆಚ್ಚಿದ ಬೆರಳಿನಲ್ಲಿ ಸಿಗುವುದು ಮಾವಿನ ಸಕ್ಕರೆ. ಬಿಲ್ಲೆಯ ಅಂಕಿಗೂ ಮೈಯ ಲಕ್ಷಣಕ್ಕೂ ಹೊಂದದಿದ್ದರೆ ಬೆರಳು ಚುಚ್ಚದೆ ಇನ್ಸುಲಿನ್ ಹಾಕಿಕೊಳ್ಳಬಾರದು. ಮೈ ಬೆವರಿ ನಡುಗುತ್ತಿದ್ದು, ಚುಚ್ಚಲು ಸಾಧನ ಹತ್ತಿರವಿಲ್ಲದಿದ್ದರೆ, ಮೊದಲು ಸಕ್ಕರೆ ತಿಂದು ಆಮೇಲೆ ಅಂಕಿಯ ವಿಚಾರ. ‘ದೋಷ, ಸ್ವಲ್ಪ ಹೊತ್ತಿನ ನಂತರ ನೋಡಿ’ ಎಂದು ಪರದೆ ಹೇಳಿದರೆ ಅದು ಹೇಳಿದಷ್ಟು ಹೊತ್ತು ಕಾಯಿರಿ. ಅಷ್ಟು ಹೊತ್ತು ಹಳೆಯ ಮೀಟರೇ ಗತಿ.

‘ಸಂಕೇತ ತಪ್ಪಿದೆ’ ಎಂಬ ಸಂದೇಶ ಬಂದಾಗ ಗಾಬರಿಗೊಂಡು ದೂರವಾಣಿ ಮಾಡುವ ಬಂಧುಗಳಿಗೆ ಒಂದು ಮಾತು. ಅದಕ್ಕೂ ಸಕ್ಕರೆಗೂ ಸಂಬಂಧವಿಲ್ಲ. ಮೊಬೈಲನ್ನು ದೇವರ ಮನೆಯಲ್ಲಿಟ್ಟು ಹಿತ್ತಲಿಗೆ ಹೋದರೆ ಬ್ಲೂಟೂತ್ ಅಷ್ಟು ದೂರ ಮುಟ್ಟದು. ಮೊಬೈಲನ್ನು ಹತ್ತಿರ ತಂದು, ಬ್ಲೂಟೂತ್ ಆರಿಸಿ ಹೊತ್ತಿಸಿ, ಕೆಲವು ನಿಮಿಷ ಕಾದರೆ ಸಾಕು. ನಡುವೆ ತಪ್ಪಿಹೋದ ಅಂಕಿಗಳನ್ನು ಬಿಲ್ಲೆ ಕೆಲವು ಗಂಟೆಗಳ ಕಾಲ ತನ್ನಲ್ಲಿಯೇ ಇಟ್ಟುಕೊಂಡಿದ್ದು ಆಮೇಲೆ ಒಪ್ಪಿಸುತ್ತದೆ. 2014 ರ ಮೊದಲ ಮಾದರಿ ಇಟ್ಟುಕೊಳ್ಳುತ್ತಿದ್ದುದು ಎಂಟು ಗಂಟೆಗಳ ಲೆಕ್ಕವನ್ನು.