ಕೋಟೆ ಹಿತ್ತಲಿನ ಚಕ್ಕೋತ

ದೇವನಹಳ್ಳಿಯವರು ಎಂದರೆ ಸಾಕು, "ಏರ್‌ಪೋರ್ಟ್ ಹತ್ತಿರಾನಾ?" ಎನ್ನುತ್ತಾರೆ. ಮೊದಲು ಹೀಗಿರಲಿಲ್ಲ, "ಚಕ್ಕೋತದ ಊರಾ?" ಎಂದು ಕೇಳುತ್ತಿದ್ದರು. ಈ ಸಂಚಿಕೆಗೆ ಊರಿನ ಚರಿತ್ರೆ ಬರೆಯಲು ಕೂತಾಗ ನನ್ನ ಮನಸ್ಸು ಹೋದದ್ದು ಆ ಹಳೆಯ ಪ್ರಶ್ನೆಯ ಕಡೆಗೆ.

ಕೋಟೆಯ ಕಥೆ ನಿಮಗೆಲ್ಲ ಗೊತ್ತು, ಬೇಗ ಮುಗಿಸುತ್ತೇನೆ. ಆವತಿ ಪ್ರಭುಗಳ ಮನೆತನದ ಮಲ್ಲಭೈರೇಗೌಡ 1501ರಲ್ಲಿ ದೇವನದೊಡ್ಡಿಯಲ್ಲಿ, ಅಂದರೆ ಇಂದಿನ ದೇವನಹಳ್ಳಿಯಲ್ಲಿ, ಮಣ್ಣಿನ ಕೋಟೆ ಕಟ್ಟಿಸಿದ. 1749ರಲ್ಲಿ ಮುತ್ತಿಗೆಗೆ ಸಿಕ್ಕಿ ಅದು ಮೈಸೂರಿನ ಪಾಲಾಯಿತು. ಆ ಮುತ್ತಿಗೆಯಲ್ಲೇ ಹೈದರ್ ಅಲಿ ಹೆಸರು ಮಾಡಿದ್ದು. ಟಿಪ್ಪು ಹುಟ್ಟಿದ್ದೂ ಈ ಊರಿನಲ್ಲೇ. ಮುಂದೆ ಕೋಟೆಗೆ ಕಲ್ಲಿನ ಗೋಡೆ ಬಂತು, 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯವೂ ಬಂತು. ಕವಿ ನಿಸಾರ್ ಅಹಮದ್ 1936ರಲ್ಲಿ ಹುಟ್ಟಿದ್ದು ಇಲ್ಲೇ ಎಂಬುದನ್ನು ಮಾತ್ರ ನಮ್ಮ ಮಕ್ಕಳಿಗೆ ಯಾಕೋ ಯಾರೂ ಹೇಳುವುದಿಲ್ಲ.

ಕೋಟೆಯೊಳಗೆ ಈಗಲೂ ಜನ ಇದ್ದಾರೆ, ವೇಣುಗೋಪಾಲಸ್ವಾಮಿ ಗುಡಿ ಇದೆ. ಮನೆಗಳ ಹಿಂದೆ, ಬಚ್ಚಲು ನೀರು ಹರಿಯುವ ಕಡೆ ಒಂದು ಚಕ್ಕೋತದ ಮರ ಇರುವುದು ವಾಡಿಕೆಯಾಗಿತ್ತು. ನಮ್ಮ ಹಣ್ಣಿನ ತೊಳೆ ಕೆಂಪು, ರಸ ಸಿಹಿ. ಬೇರೆ ಕಡೆಯದಕ್ಕಿರುವ ಕಹಿ ಇದಕ್ಕಿಲ್ಲ. ಉಪ್ಪುಖಾರ ಹಚ್ಚಿ ತಿಂದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿತು. ಸಿಗುವ ಹೊತ್ತಿಗೆ ಮರಗಳೇ ಕಮ್ಮಿಯಾಗಿದ್ದವು.

ಕಾರಣ ನೀರು. ಇಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ದಕ್ಷಿಣ ಪಿನಾಕಿನಿ ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ನಮ್ಮನ್ನು ದಾಟಿ ಹೊಸಕೋಟೆ ಕಡೆಗೆ ಹೋಗುತ್ತದೆ. ಮಳೆಗಾಲ ಬಿಟ್ಟರೆ ಅದೂ ಮರಳು. ಹಾಗಾಗಿ ಹಿರಿಯರು ಕೆರೆ ಕಟ್ಟಿದರು. ಒಂದರ ಕೋಡಿ ನೀರು ಇನ್ನೊಂದಕ್ಕೆ, ತೂಬು ಎತ್ತುವುದಕ್ಕೆ ನೀರಗಂಟಿ, ಏರಿಯ ಆಚೆ ಗದ್ದೆ, ಊರಾಚೆ ಗುಂಡುತೋಪು. ಕೆರೆ ತುಂಬಿದರೆ ಬಾವಿ ತುಂಬುತ್ತಿತ್ತು, ಬಾವಿ ತುಂಬಿದರೆ ಹಿತ್ತಲು. ಬೋರ್‌ವೆಲ್ ಬಂದಮೇಲೆ ಕೆರೆಯ ಕಡೆ ನೋಡುವವರು ಕಡಿಮೆಯಾದರು. ಇದಕ್ಕೆ ಸರ್ಕಾರವನ್ನಷ್ಟೇ ಬೈದರೆ ಅನ್ಯಾಯ. ರಾಜಕಾಲುವೆಗೆ ಮಣ್ಣು ಸುರಿದವರಲ್ಲಿ ನಮ್ಮವರೂ ಇದ್ದಾರೆ. ಈಚೆಗೆ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಬೆಂಗಳೂರು ಬಳಸಿ ಬಿಟ್ಟ ನೀರು ನಮ್ಮೂರಿನ ಸಿಹಿನೀರು ಕೆರೆಗೆ ಬರುತ್ತದೆ ಎಂದರೆ ಹೆಸರಿಟ್ಟವರು ಏನನ್ನುತ್ತಿದ್ದರೋ!

ಹಿತ್ತಲ ಮರಗಳು ಕಮ್ಮಿಯಾದರೂ ಒಂದು ಹಳೆಯ ತೋಪು ಉಳಿದಿದೆ. ನಮ್ಮ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ನಲ್ಲೂರಿನಲ್ಲಿ ಸುಮಾರು 54 ಎಕರೆಯ ಹುಣಸೆ ತೋಪಿದೆ. 2007ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸಾರಿದರು, ದೇಶದಲ್ಲಿ ಅದೇ ಮೊದಲನೆಯದು. ಕಾಂಡ ಟೊಳ್ಳಾದರೂ, ನೆಲಕ್ಕೆ ಒರಗಿದರೂ ಮತ್ತೆ ಚಿಗುರುವ ಮರಗಳು. ಚೋಳರ ಕಾಲದವು ಅನ್ನುತ್ತಾರೆ ಜನ. ಮಧ್ಯಾಹ್ನದ ಬಿಸಿಲಲ್ಲಿ ಅದರ ನೆರಳಿಗೆ ಹೊಕ್ಕರೆ ಎರಡು ಮಾತು ಕಡಿಮೆಯೇ ಆಡುತ್ತೇವೆ.

2008ರ ಮೇ 24ರಿಂದ ಇಲ್ಲಿನ ವಿಮಾನ ನಿಲ್ದಾಣದಲ್ಲಿ ವಿಮಾನಗಳು ಹಾರತೊಡಗಿದವು. ಸುಮಾರು 4,000 ಎಕರೆ ಅದಕ್ಕೇ ಹೋಯಿತು. ರಸ್ತೆ, ಕೆಲಸ, ಬೆಲೆ ಎಲ್ಲ ಬಂದವು. ಬೆಂಗಳೂರು ಬ್ಲೂ ದ್ರಾಕ್ಷಿಯ ಚಪ್ಪರಗಳು ಲೇಔಟಾದವು. ಮುಂದೆ ಅದೇ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಯನ್ನು ಸರ್ಕಾರದ ಸ್ವಾಧೀನಕ್ಕೆ ಕೊಡುವುದಿಲ್ಲ ಎಂದು ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈಯಲ್ಲಿ ಸರ್ಕಾರ ಆ ಸ್ವಾಧೀನ ಕೈಬಿಟ್ಟಿತು. ಕೋಟೆ ಗೆದ್ದವರ, ಸೋತವರ ಸಾಲಿಗೆ ಈ ತಾರೀಖನ್ನೂ ಬರೆದಿಡಬೇಕು.

ಓದುಗರಲ್ಲಿ ಒಂದು ಕೇಳಿಕೆ. ನಿಮ್ಮ ಹಿತ್ತಲಲ್ಲಿ ಹಳೆಯ ಚಕ್ಕೋತ ಉಳಿದಿದ್ದರೆ ಈ ಮಳೆಗಾಲ ಒಂದೆರಡು ರೆಂಬೆಗೆ ಗೂಟಿ ಕಟ್ಟಿ. ಬೇರು ಬಿಟ್ಟಮೇಲೆ ಒಂದನ್ನು ಪಕ್ಕದ ಮನೆಯವರಿಗೆ ಕೊಡಿ.