ನರನೋವು: ರಾಯಚೂರು ಸೀಮೆಯಲ್ಲಿ ಪರ್ಯಾಯ ಚಿಕಿತ್ಸೆಗಳ ಇತಿಹಾಸ

ನರವ್ಯೂಹಕ್ಕೇ ಪೆಟ್ಟು ಬಿದ್ದು ಅಥವಾ ರೋಗ ತಗುಲಿ ಹುಟ್ಟುವ, ಮೂರು ತಿಂಗಳಿಗೂ ಮೀರಿ ಉಳಿಯುವ ನೋವು ದೀರ್ಘಕಾಲದ ನರನೋವು. ಉರಿ, ಜೋಮು, ಸೂಜಿ ಚುಚ್ಚಿದಂಥ ಬೇನೆ, ಬಟ್ಟೆ ತಾಗಿದರೂ ತಾಳಲಾರದ ಸ್ಥಿತಿ ಇದರ ಲಕ್ಷಣಗಳು. ಮಧುಮೇಹ, ಸರ್ಪಸುತ್ತು, ಕುಷ್ಠ, ಬೆನ್ನುಮೂಳೆಯ ಬಳಿ ನರ ಒತ್ತಿಹೋಗುವುದು ಮುಖ್ಯ ಕಾರಣಗಳು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು, ಮಾನ್ವಿ, ದೇವದುರ್ಗ ಸೀಮೆಯಲ್ಲಿ ಇದಕ್ಕೆ ಆಯುರ್ವೇದ, ಯುನಾನಿ, ಮನೆಮದ್ದು, ಹರಕೆ ನಾಲ್ಕೂ ಬಳಕೆಯಲ್ಲಿವೆ. ಇವುಗಳ ಇತಿಹಾಸ ಬರೆಯುವಾಗ ಎದುರಾಗುವ ಮೊದಲ ತೊಡಕು ‘ನರ’ ಎಂಬ ಪದವೇ.

ಪದದ ಗೊಂದಲ

ಕನ್ನಡದ ‘ನರ’ಕ್ಕೆ ಸ್ನಾಯುವಿನ ತಂತು, ರಕ್ತನಾಳ, ಸಂವೇದನೆ ಸಾಗಿಸುವ ನರ ಎಂಬ ಮೂರೂ ಅರ್ಥಗಳಿವೆ. ‘ಕತ್ತಿನ ನರ ಹಿಡಿದಿದೆ’ ಎಂದಾಗ ಅದು ಬಹುಮಟ್ಟಿಗೆ ಸ್ನಾಯು. ‘ಕೈಯ ನರ ಉಬ್ಬಿದೆ’ ಎಂದಾಗ ರಕ್ತನಾಳ. ರಾವಣ ತನ್ನ ನರಗಳನ್ನೇ ವೀಣೆಗೆ ತಂತಿಯಾಗಿ ಬಿಗಿದ ಕಥೆಯಲ್ಲಿ ಅದು ತಂತು. ಈ ಬೆರಕೆ ಕನ್ನಡಕ್ಕಷ್ಟೇ ಸೇರಿದ್ದಲ್ಲ. ಗ್ರೀಕರ ‘ನ್ಯೂರಾನ್’ ಮೊದಲು ಸ್ನಾಯುತಂತುವಿಗೇ ಇದ್ದ ಹೆಸರು. ಕ್ರಿಸ್ತಪೂರ್ವ 3ನೇ ಶತಮಾನದ ಹೆರೋಫಿಲಸ್‌, ಎರಸಿಸ್ಟ್ರೇಟಸ್‌ ಮೊದಲಾದ ವೈದ್ಯರು ಶರೀರಛೇದನ ನಡೆಸಿ ನರಗಳನ್ನು ಬೇರೆಯಾಗಿ ಗುರುತಿಸಿದರು. ಆದ್ದರಿಂದ ‘ನರದ ಔಷಧ’ ಎಂಬ ಹಳೆಯ ಉಲ್ಲೇಖ ಕಂಡೊಡನೆ ಅದನ್ನು ಇಂದಿನ ನರನೋವಿನ ಚಿಕಿತ್ಸೆಯೆಂದು ಎಣಿಸಿದರೆ ಇಡೀ ಚರಿತ್ರೆ ದಾರಿ ತಪ್ಪುತ್ತದೆ.

ಆಯುರ್ವೇದದ ನೆಲೆ

ಚರಕಸಂಹಿತೆ ಎಂಬತ್ತು ವಾತವಿಕಾರಗಳನ್ನು ಪಟ್ಟಿಮಾಡುತ್ತದೆ. ಅವುಗಳಲ್ಲಿ ನರನೋವಿಗೆ ತೀರ ಹತ್ತಿರವಾದುದು ಗೃಧ್ರಸಿ: ಸೊಂಟದಿಂದ ತೊಡೆ, ಮೀನಖಂಡದ ಮೂಲಕ ಪಾದದವರೆಗೆ ಇಳಿಯುವ ನೋವು. ಇದಕ್ಕೆ ಗುದದ್ವಾರದಿಂದ ಔಷಧ ಹಾಯಿಸುವ ಬಸ್ತಿ, ರಕ್ತ ತೆಗೆಯುವ ಸಿರಾವ್ಯಧ, ಸುಡುವ ಅಗ್ನಿಕರ್ಮ ಹೇಳಿವೆ. ಹಳ್ಳಿಗಳ ‘ಬರೆ ಹಾಕುವುದು’ ಅಗ್ನಿಕರ್ಮವನ್ನೇ ಹೋಲುತ್ತದಾದರೂ ಎರಡೂ ಒಂದೇ ಅಲ್ಲ. ಸುಶ್ರುತಸಂಹಿತೆ ಯಾರಿಗೆ ಸುಡಬಾರದು ಎಂಬುದನ್ನೂ ವಿಧಿಸಿದೆ.

ಕನ್ನಡದಲ್ಲಿ ವೈದ್ಯಗ್ರಂಥಗಳ ಪರಂಪರೆ 12ನೇ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ದಷ್ಟು ಹಳೆಯದು. 14ನೇ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷವೈದ್ಯಕ್ಕೆ ಮೀಸಲು. ಮನೆಮದ್ದಿನಲ್ಲಿ ಉಳಿದುಬಂದದ್ದು ಔಡಲೆಣ್ಣೆ, ಲಕ್ಕಿ ಸೊಪ್ಪು, ಬಿಸಿಮಾಡಿದ ಎಕ್ಕದ ಎಲೆ, ಉಪ್ಪಿನ ಗಂಟಿನ ಕಾವು.

ಬಿಜಾಪುರದಿಂದ ಹೈದರಾಬಾದಿಗೆ

ಕರ್ನಾಟಕದ ವೈದ್ಯಚರಿತ್ರೆಯ ಬರಹಗಳು ಹೆಚ್ಚಾಗಿ ಮೈಸೂರಿನ ಕಡೆಗೇ ವಾಲುತ್ತವೆ. ರಾಯಚೂರಿನ ಹಾದಿ ಬೇರೆ. 1565ರ ನಂತರ ಎರಡು ನದಿಗಳ ನಡುವಿನ ಈ ದೋ-ಆಬ್ ಬಿಜಾಪುರದ ಆದಿಲಶಾಹಿಗಳ ಕೈಗೆ ಬಂತು. ಇತಿಹಾಸಕಾರನೆಂದೇ ಹೆಸರಾದ ಫಿರಿಶ್ತಾ ಎರಡನೆಯ ಇಬ್ರಾಹಿಂ ಆದಿಲಶಾಹನ (1580–1627) ಆಸ್ಥಾನದಲ್ಲಿದ್ದಾಗ ಭಾರತೀಯ ವೈದ್ಯವನ್ನು ಪರ್ಷಿಯನ್ ಓದುಗರಿಗೆ ತಿಳಿಸುವ ‘ದಸ್ತೂರ್-ಉಲ್-ಅತಿಬ್ಬಾ’ ಬರೆದ. ವೈದ್ಯರೂ ಹಕೀಮರೂ ಪರಸ್ಪರ ಕಲಿತದ್ದಕ್ಕೆ ಇದು ಗಟ್ಟಿ ಸಾಕ್ಷಿ.

ಯುನಾನಿಯಲ್ಲಿ ನರಕ್ಕೆ ‘ಅಸಬ್’ ಎಂಬ ಪ್ರತ್ಯೇಕ ಪದವಿದೆ. ಮಿದುಳಿನಿಂದ ಹೊರಡುವ ನರಗಳ ಕಲ್ಪನೆ ಅದಕ್ಕೆ ಗ್ರೀಕ್ ವೈದ್ಯ ಗ್ಯಾಲೆನ್‌ನಿಂದ ಬಂದದ್ದು. ಆದರೂ ಸೊಂಟದಿಂದ ಇಳಿಯುವ ನೋವಿನ ಹೆಸರು ‘ಇರ್ಕುನ್ನಸಾ’ ಎಂದೇ ಉಳಿಯಿತು. ‘ಇರ್ಕ್’ ಎಂದರೆ ರಕ್ತನಾಳ. ಪದದ ಬೆರಕೆ ಇಲ್ಲಿಯೂ ಬಿಡಲಿಲ್ಲ. ಕೊಂಬು, ಬಟ್ಟಲು ಕೂರಿಸುವ ಹಿಜಾಮಾ, ರಕ್ತ ತೆಗೆಯುವ ಫಸ್ದ್, ತಿಕ್ಕುವ ದಲ್ಕ್ ಇದರ ವಿಧಾನಗಳು. ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ ಯುನಾನಿಗೆ ಸರ್ಕಾರಿ ಆಶ್ರಯವಿತ್ತು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಆಳ್ವಿಕೆಯಲ್ಲಿ ಚಾರ್ಮಿನಾರ್ ಪಕ್ಕದಲ್ಲೇ ಯುನಾನಿ ಆಸ್ಪತ್ರೆಯ ಭವ್ಯ ಕಟ್ಟಡ ಎದ್ದಿತು.

ಚೀಕಲಪರ್ವಿ ಮತ್ತು ಮಾನ್ವಿಯ ನೋವಿನ ಕಥೆ

ಈ ಸೀಮೆಯಲ್ಲಿ ಅತಿ ಪ್ರಸಿದ್ಧವಾದ ನೋವು ಒಬ್ಬ ದಾಸರದ್ದು. ತುಂಗಭದ್ರೆಯ ದಂಡೆಯ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು (1682–1755) ಮಾನ್ವಿಯಲ್ಲಿ ಪಂಡಿತ ಶ್ರೀನಿವಾಸಾಚಾರ್ಯರನ್ನು ಊಟಕ್ಕೆ ಕರೆದರಂತೆ. ಹೊಟ್ಟೆನೋವಿನ ನೆಪ ಹೇಳಿ ಆಚಾರ್ಯರು ತಪ್ಪಿಸಿಕೊಂಡರು, ನೆಪವೇ ನಿಜವಾಯಿತು. ವಿಜಯದಾಸರು ಅವರನ್ನು ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು. ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆಯೆರೆದರೆಂದೂ ಆಚಾರ್ಯರೇ ಮುಂದೆ ಜಗನ್ನಾಥದಾಸರಾಗಿ ‘ಹರಿಕಥಾಮೃತಸಾರ’ ರಚಿಸಿದರೆಂದೂ ಸಂಪ್ರದಾಯ ಹೇಳುತ್ತದೆ.

ರೋಗ ಯಾವುದು ಎಂಬುದರಲ್ಲಿ ಪಾಠಗಳು ಒಪ್ಪುವುದಿಲ್ಲ: ಕೆಲವು ಉದರಶೂಲೆ ಎನ್ನುತ್ತವೆ, ಕೆಲವು ಕ್ಷಯ. ಇದನ್ನು ನರನೋವು ಎಂದು ಹೆಸರಿಸಲು ಆಧಾರವಿಲ್ಲ. ಭಕ್ತಿಚರಿತ್ರೆಯನ್ನು ರೋಗಿಯ ದಾಖಲೆಯಂತೆ ಓದುವುದು ಎರಡಕ್ಕೂ ಅನ್ಯಾಯ. ಆದರೆ ವರ್ಷಗಟ್ಟಲೆ ಬಿಡದ ನೋವನ್ನು ಈ ನೆಲ ಹೇಗೆ ಅರ್ಥಮಾಡಿಕೊಂಡಿತು ಎಂಬುದಕ್ಕೆ ಇದು ಅಮೂಲ್ಯ ದಾಖಲೆ. ಇಲ್ಲಿ ನೋವುಂಡವರನ್ನು ಒಬ್ಬಂಟಿಯಾಗಿ ಬಿಡಲಿಲ್ಲ. ಪಾಲು ಹೊರಲು ಮತ್ತೊಬ್ಬರು ಮುಂದೆ ಬಂದರು. ಧನ್ವಂತರಿಯನ್ನು ಕರೆಯುವ ದಾಸರ ಕೃತಿಗಳನ್ನು ಕಾಯಿಲೆಯವರ ಮನೆಗಳಲ್ಲಿ ಇಂದಿಗೂ ಹಾಡುತ್ತಾರೆ.

ತಾರಾನಾಥರ ತಿರುವು

20ನೇ ಶತಮಾನದ ತಿರುವಿಗೆ ಪಂಡಿತ ತಾರಾನಾಥರ (1891–1942) ಹೆಸರು ಅಂಟಿಕೊಂಡಿದೆ. ರಾಯಚೂರಿನಲ್ಲಿ ಹಮ್ದರ್ದ್ ಶಾಲೆ ಕಟ್ಟಿದ ಅವರು ಮುಂದೆ ತುಂಗಭದ್ರೆಯ ತೀರದಲ್ಲಿ ಪ್ರೇಮಾಯತನ ಆಶ್ರಮ ಸ್ಥಾಪಿಸಿ, ಆಯುರ್ವೇದ ಚಿಕಿತ್ಸೆ ನಡೆಸುತ್ತ ‘ಪ್ರೇಮ’ ಪತ್ರಿಕೆ ಹೊರತಂದರು. ಜೀವನಚರಿತ್ರೆಗಳು ಅವರನ್ನು ಶಿಕ್ಷಣತಜ್ಞ, ರಾಷ್ಟ್ರೀಯವಾದಿ ಎಂದು ಸವಿಸ್ತಾರವಾಗಿ ಚಿತ್ರಿಸುತ್ತವೆ. ವೈದ್ಯ ತಾರಾನಾಥರಿಗೆ ಅಲ್ಲಿ ಸಿಗುವ ಜಾಗ ಕಿರಿದು. ಬಳ್ಳಾರಿಯ ಸರ್ಕಾರಿ ಆಯುರ್ವೇದ ಕಾಲೇಜು ಅವರ ಹೆಸರನ್ನೇ ಹೊತ್ತು ಆ ಕೊರತೆಯನ್ನು ತುಸು ತುಂಬಿದೆ.

1956ರ ನಂತರ

ರಾಜ್ಯ ಪುನರ್ವಿಂಗಡಣೆಯೊಂದಿಗೆ ರಾಯಚೂರು ಮೈಸೂರು ರಾಜ್ಯ ಸೇರಿತು. 1964ರ ತಿದ್ದುಪಡಿ ಆಯುರ್ವೇದ, ಯುನಾನಿ ಔಷಧಗಳನ್ನು ಔಷಧ ಕಾಯಿದೆಯ ಪ್ರತ್ಯೇಕ ಅಧ್ಯಾಯಕ್ಕೆ ತಂದಿತು. ಬೆಂಗಳೂರಿನಲ್ಲಿ ರಾಷ್ಟ್ರೀಯ ಯುನಾನಿ ಸಂಸ್ಥೆ 1984ರಲ್ಲಿ ಆರಂಭವಾಯಿತು. 2014ರಲ್ಲಿ ಆಯುಷ್ ಪ್ರತ್ಯೇಕ ಸಚಿವಾಲಯವಾಯಿತು.

ಅಷ್ಟರಲ್ಲಿ ನೋವಿನ ವಿಜ್ಞಾನವೇ ಬದಲಾಗಿತ್ತು. 1965ರಲ್ಲಿ ಮೆಲ್ಝಾಕ್ ಮತ್ತು ವಾಲ್ ಮಂಡಿಸಿದ ‘ಗೇಟ್’ ಸಿದ್ಧಾಂತದಂತೆ, ಸ್ಪರ್ಶದ ಸಂದೇಶಗಳು ಬೆನ್ನುಹುರಿಯಲ್ಲಿ ನೋವಿನ ಸಂದೇಶವನ್ನು ತಡೆಯಬಲ್ಲವು. ತಿಕ್ಕಿದರೆ ಹಾಯೆನಿಸುವುದಕ್ಕೆ ಇದರಲ್ಲಿ ಒಂದು ವಿವರಣೆ ಸಿಕ್ಕಿತು. ಈ ಸೀಮೆಯ ಹೊಲಗಳ ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಅನ್ನು ಗ್ರಹಿಸುವ ಗ್ರಾಹಕವನ್ನು ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಗುರುತಿಸಿತು. 2021ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಶೇ 8ರ ಕ್ಯಾಪ್ಸೈಸಿನ್ ಪಟ್ಟಿ ಇಂದು ಕೆಲವು ದೇಶಗಳಲ್ಲಿ ಸರ್ಪಸುತ್ತಿನ ನಂತರದ ನೋವಿಗೆ ಅಂಗೀಕೃತ ಚಿಕಿತ್ಸೆ. ಅದು ವೈದ್ಯರ ಕಣ್ಗಾವಲಿನಲ್ಲಿ ಹಚ್ಚುವಂಥದ್ದು; ಮನೆಯಲ್ಲಿ ಅರೆದ ಖಾರ ಅದಕ್ಕೆ ಬದಲಿಯಲ್ಲ.

ಪುರಾವೆ ಮತ್ತು ಅಪಾಯ

ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚಿ ಮಂತ್ರಿಸುವ ರೂಢಿ ವ್ಯಾಪಕ. ‘ಹಾವಿನ ತಲೆ, ಬಾಲ ಕೂಡಿದರೆ ಜೀವಕ್ಕೆ ಅಪಾಯ’ ಎಂಬ ನಂಬಿಕೆಯೂ ಇದೆ. ಗುಳ್ಳೆಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ತಾವಾಗಿಯೇ ಮಾಯುತ್ತವೆ; ಕೆಮ್ಮಣ್ಣಿಗೆ ಕೀರ್ತಿ ಬಂದದ್ದು ಹೀಗೆ. ಮಾಯದೆ ಉಳಿಯುವುದು ಉರಿ. ವೈರಸ್‌ ವಿರುದ್ಧದ ಮಾತ್ರೆಯನ್ನು ಆದಷ್ಟು 72 ಗಂಟೆಗಳೊಳಗೆ ಆರಂಭಿಸಬೇಕು. ಕೆಮ್ಮಣ್ಣಿನ ಕೆಡುಕು ಹಚ್ಚುವುದಕ್ಕಿಂತ ಹೆಚ್ಚಾಗಿ ಕಳೆದುಹೋಗುವ ಈ ಹೊತ್ತಿನಲ್ಲಿದೆ.

ಮಧುಮೇಹದವರ ಜೋಮುಗಟ್ಟಿದ ಪಾದಕ್ಕೆ ಬಿಸಿ ತಿಳಿಯುವುದಿಲ್ಲ. ಕಾವು ಕೊಟ್ಟಾಗ ಸುಟ್ಟರೂ ಗೊತ್ತಾಗದೆ ಹುಣ್ಣಾಗುತ್ತದೆ. ಸ್ಪರ್ಶವಿಲ್ಲದ ಮಚ್ಚೆ ಕುಷ್ಠದ ಗುರುತಾಗಿರಬಹುದು. ಅದಕ್ಕೆ ಬಹುಔಷಧ ಚಿಕಿತ್ಸೆ ಉಚಿತ, ತಡಮಾಡಿದರೆ ನರ ಶಾಶ್ವತವಾಗಿ ಸಾಯುತ್ತದೆ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡಿತು. ಸೀಸವೂ ಆರ್ಸೆನಿಕ್ಕೂ ನರಕ್ಕೇ ವಿಷ. ಅಕ್ಯುಪಂಕ್ಚರ್ ನರನೋವಿಗೆ ಫಲಿಸುತ್ತದೆಂದು ಹೇಳಲು ಪುರಾವೆ ಸಾಲದು ಎಂದು 2017ರ ಕಾಕ್ರೇನ್ ಪರಾಮರ್ಶೆ ತೀರ್ಮಾನಿಸಿತು. ಆಧುನಿಕ ವೈದ್ಯದ ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಔಷಧಗಳಿಗೆ ಪುರಾವೆ ಇದೆ, ಆದರೆ ಅವೂ ಎಲ್ಲರ ನೋವನ್ನು ಇಳಿಸುವುದಿಲ್ಲ. ಜನ ಎಣ್ಣೆ, ಕಾವು, ಹಿಜಾಮಾಗಳತ್ತ ಮರಳುವುದಕ್ಕೆ ಅಜ್ಞಾನವನ್ನಷ್ಟೇ ದೂರುವಂತಿಲ್ಲ.

ಪದಕ್ಕೆ ಮರಳಿ

2005ರಲ್ಲಿ ಫ್ರಾನ್ಸಿನ ವೈದ್ಯರು ರೂಪಿಸಿದ ಡಿಎನ್4 ಎಂಬ ಪ್ರಶ್ನಾವಳಿಯಲ್ಲಿ ಹತ್ತು ಅಂಶಗಳಿವೆ. ನಾಲ್ಕು ಕೂಡಿದರೆ ನರನೋವಿನ ಶಂಕೆ. ಉರಿಯೇ, ಕರೆಂಟು ಹೊಡೆದಂತೆಯೇ, ಇರುವೆ ಹರಿದಂತೆಯೇ, ಜೋಮೇ ಎಂದು ಅದು ಕೇಳುತ್ತದೆ. ಮಾನ್ವಿ, ದೇವದುರ್ಗದ ಹಳ್ಳಿಗರು ಉರಿ, ಜೋಮು, ಚಳಕುಗಳನ್ನು ಎಂದೂ ಒಂದಾಗಿಸಿದವರಲ್ಲ. ‘ನರ’ ಎಂಬ ಪದ ಮಸುಕಾಗಿಸಿದ್ದನ್ನು ಈ ಮೂರು ಪದಗಳು ತಿಳಿಯಾಗಿ ಹೇಳುತ್ತವೆ. ಹಳೆಯ ಗ್ರಂಥವನ್ನು ಓದುವವರೂ ಎದುರಿಗೆ ಕುಳಿತ ರೋಗಿಯ ಮಾತು ಕೇಳುವವರೂ ಮೊದಲು ಹುಡುಕಬೇಕಾದ್ದು ಇವನ್ನೇ.